ಬೈರಿಗೆಯ ಬಿರುದು

ಟ್ರ್ಯಾಕ್ಟರಿನ ಬೆನ್ನಿಗೆ ತಗುಲಿಸಿ ಬೇಲಿಕಂಬಗಳಿಗೆ ಗುಂಡಿ ತೋಡುವ ಯಂತ್ರಕ್ಕೆ ನಮ್ಮ ಬಯಲುಸೀಮೆಯ ತೋಟಗಾರರ ನಡುವೆ ಈಚೆಗೆ ಸಂದಿರುವ ಕೀರ್ತಿಯು ಎರಡು ಬಿರುದುಗಳನ್ನು ಆಶ್ರಯಿಸಿ ನಿಂತಿದೆ: ಬೇಗ ತೋಡುತ್ತದೆಂಬುದು ಒಂದು, ನೆಟ್ಟಗೆ ತೋಡುತ್ತದೆಂಬುದು ಇನ್ನೊಂದು. ಮೊದಲನೆಯದರ ವಿಷಯದಲ್ಲಿ ನನಗೆ ತಕರಾರಿಲ್ಲ. ಇಬ್ಬರು ಆಳುಗಳು ಹಾರೆ ಗುದ್ದಲಿಗಳೊಡನೆ ಹೊತ್ತು ಮೂಡಿದಾಗಿನಿಂದ ಬೈಗಿನವರೆಗೆ ಬೆವರು ಸುರಿಸಿ ಮುಗಿಸುವ ಕೆಲಸವನ್ನು ಅದು ತಿಂಡಿಯ ಹೊತ್ತಿಗೆ ಮುಗಿಸಿ ಮುಂದಿನ ತೋಟಕ್ಕೆ ಹೊರಟುಹೋಗಿರುತ್ತದೆಂಬುದನ್ನು ಕಣ್ಣಿದ್ದವರಾರೂ ಅಲ್ಲಗಳೆಯಲಾರರು. ಆದರೆ ಎರಡನೆಯ ಬಿರುದನ್ನು ಯಾರು ಕೊಟ್ಟರು, ಯಾವ ಪರೀಕ್ಷೆಯ ಮೇಲೆ ಕೊಟ್ಟರು ಎಂದು ವಿಚಾರಿಸಹೊರಟರೆ, ಮೇಳಗಳ ಅಂಗಳದಲ್ಲಿ, ಕಲ್ಲಿಲ್ಲದ ಹದವಾದ ಮಣ್ಣಿನಲ್ಲಿ, ಸಮತಟ್ಟಾದ ನೆಲದ ಮೇಲೆ ತೋಡಿ ತೋರಿಸಿದ ಒಂದೆರಡು ಗುಂಡಿಗಳ ದುಂಡುಬಾಯನ್ನು ನೋಡಿ ಬೆರಗಾದವರ ಮಾತಿನ ಹೊರತು ಬೇರೆ ಪ್ರಮಾಣವು ಸಿಕ್ಕುವುದಿಲ್ಲ. ಬಾಯಿ ದುಂಡಗಿದ್ದ ಮಾತ್ರಕ್ಕೆ ಗುಂಡಿ ನೆಟ್ಟಗಿದೆಯೆನ್ನುವುದು ರಟ್ಟು ಚೆನ್ನಾಗಿದೆಯೆಂದು ಕಾವ್ಯವನ್ನು ಹೊಗಳಿದಂತೆ. ಆ ಬಿರುದು ಈ ಯಂತ್ರಕ್ಕೆ ಸಲ್ಲದೆಂಬುದು ನನ್ನ ತೀರ್ಮಾನ. ಅದನ್ನು ಮೊದಲಿಗೇ ಹೇಳಿಬಿಟ್ಟು ಕಾರಣಗಳನ್ನು ಆಮೇಲೆ ನಿವೇದಿಸುತ್ತೇನೆ.

ಹ್ಯಾರಿ ಫರ್ಗುಸನ್ ಎಂಬ ಐರಿಷ್ ಯಂತ್ರಜ್ಞನು 1926ರಲ್ಲಿ ಪೇಟೆಂಟ್ ಪಡೆದ, ಈ ಯಂತ್ರವನ್ನು ಟ್ರ್ಯಾಕ್ಟರಿಗೆ ತಗುಲಿಸುವ ಮೂರು ಕೊಂಡಿಗಳ ಜೋಡಣೆಯ ಕಥೆಯನ್ನೂ, 1939ರ ಫೋರ್ಡ್-ಫರ್ಗುಸನ್ ಟ್ರ್ಯಾಕ್ಟರಿನಿಂದ ಅದು ಲೋಕವ್ಯಾಪಕವಾದ ಬಗೆಯನ್ನೂ ಬಲ್ಲವರಿಗೆ ಇಲ್ಲಿ ಪುನಃ ಹೇಳಬೇಕಾಗಿಲ್ಲ. ಜ್ಞಾಪಕದಲ್ಲಿಡತಕ್ಕದ್ದು ಇಷ್ಟೆ: ಆ ಜೋಡಣೆ ಹುಟ್ಟಿದ್ದು ನೇಗಿಲಿಗಾಗಿ. ನೆಲದುದ್ದಕ್ಕೂ ಎಳೆಯಬೇಕಾದ ಸಾಧನಕ್ಕೆ ಒಪ್ಪುವಂತೆ ರಚಿತವಾದ ಅಂಗಕ್ಕೆ, ನೆಲದೊಳಕ್ಕೆ ನೇರವಾಗಿ ಇಳಿಯಬೇಕಾದ ಬೈರಿಗೆಯನ್ನು ಕಟ್ಟಿದಾಗ ಉಂಟಾಗುವ ಅನೌಚಿತ್ಯವೇ ನಮ್ಮ ವಿಮರ್ಶೆಯ ವಿಷಯ.

ಬೈರಿಗೆಯು ನೆಲಕ್ಕಿಳಿಯುವ ಆ ಒಂದು ನಿಮಿಷವನ್ನು ಸಾವಧಾನವಾಗಿ ನೋಡೋಣ. ಟ್ರ್ಯಾಕ್ಟರಿನ ಮೇಲುಕೊಂಡಿಯ ಕೀಲಿನಿಂದ ಹಿಂದಕ್ಕೆ ಒಂದು ಉಕ್ಕಿನ ತೋಳು ಚಾಚಿಕೊಂಡಿರುತ್ತದೆ. ಕೆಳಗಿನ ಎರಡು ಕೊಂಡಿಗಳು ಆ ತೋಳನ್ನು ಎತ್ತುತ್ತವೆ, ಇಳಿಸುತ್ತವೆ. ತೋಳಿನ ತುದಿಯಲ್ಲಿ ಗೇರ್‌ಬಾಕ್ಸ್, ಅದರಡಿಯಲ್ಲಿ ಬೈರಿಗೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಸಾಧನಕ್ಕೆ ಸಾಗಿಸುವ ಪಿ.ಟಿ.ಓ. ದಂಡವು ನಿಮಿಷಕ್ಕೆ 540 ಸುತ್ತು ಸುತ್ತಿದರೆ, ಗೇರ್‌ಬಾಕ್ಸ್ ಅದನ್ನು ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಸಿ ಬೈರಿಗೆಗೆ ಒಪ್ಪಿಸುತ್ತದೆ. ಇಷ್ಟರಲ್ಲಿ ದೋಷವೇನೂ ಇಲ್ಲ. ಆದರೆ ಒಂದು ತುದಿಯಲ್ಲಿ ಕೀಲಿಗೆ ಸಿಕ್ಕಿಬಿದ್ದ ತೋಳಿನ ಇನ್ನೊಂದು ತುದಿಯು ಸರಳರೇಖೆಯಲ್ಲಿ ಇಳಿಯಲು ಸಾಧ್ಯವೆ? ಬಾಗಿಲು ತೆರೆಯುವಾಗ ಅದರ ಅಂಚು ಹೇಗೆ ಕಮಾನು ಬರೆಯುತ್ತದೆಯೋ ಹಾಗೆ ಇದೂ ಕಮಾನನ್ನೇ ಬರೆಯುತ್ತದೆ. ತೋಳು 7 ಅಡಿಯದೆಂದೂ ಗುಂಡಿ 3 ಅಡಿಯದೆಂದೂ ಇಟ್ಟುಕೊಳ್ಳಿ. ತೋಳಿನ ತುದಿಯು ಕೀಲಿಗಿಂತ ಒಂದೂವರೆ ಅಡಿ ಮೇಲಿನಿಂದ ಹೊರಟು ಒಂದೂವರೆ ಅಡಿ ಕೆಳಗೆ ಮುಗಿಸಿದರೆ, ನಡುವೆ ಸುಮಾರು 2 ಅಂಗುಲ ಹಿಂದಕ್ಕೆ ಸರಿದು ಮರಳಿ ಸ್ವಸ್ಥಾನಕ್ಕೆ ಬರುತ್ತದೆ, ಇದು ಕ್ಷಮ್ಯ. ಕೀಲಿನ ಮಟ್ಟದಿಂದಲೇ ಹೊರಟು 3 ಅಡಿ ಇಳಿಯಿತೋ, ಆಗ 8 ಅಂಗುಲದಷ್ಟು ಟ್ರ್ಯಾಕ್ಟರಿನ ಕಡೆಗೆ ಸರಿದು ಅಲ್ಲಿಯೇ ನಿಲ್ಲುತ್ತದೆ. ಬೈರಿಗೆಯ ಮೊನೆ ಆಗಲೇ ನೆಲದಲ್ಲಿ ನಾಟಿರುವುದರಿಂದ, ತಲೆ ಮಾತ್ರ ಮುಂದಕ್ಕೆಳೆಯಲ್ಪಟ್ಟು, ಗುಂಡಿಯು ಬಾಯಿಂದ ತಳಕ್ಕೆ ಓರೆಯಾಗದೆ ಬೇರೆ ಗತಿಯಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನ ತೆಂಗಿನ ತೋಟದ ಪಶ್ಚಿಮದ ಗಡಿಯಲ್ಲಿ ಬಂಡಿದಾರಿಯಿದೆ. ದಾರಿಯು ಬೇಲಿಯ ಸಾಲಿಗಿಂತ ಒಂದಡಿ ಎತ್ತರ. ಟ್ರ್ಯಾಕ್ಟರು ದಾರಿಯ ಮೇಲೆ ನಿಂತು ತಗ್ಗಿಗೆ ಬೈರಿಗೆಯನ್ನಿಳಿಸಿ, ಗುಂಡಿಯೊಂದಕ್ಕೆ ಇಷ್ಟೆಂಬ ಕರಾರಿನ ಮೇಲೆ, ಒಂದು ಬೆಳಗಿನಲ್ಲಿ 84 ಗುಂಡಿ ತೋಡಿತು. ಕಲ್ಲುಕಂಬಗಳನ್ನು ಇಳಿಸತೊಡಗಿದಾಗ ಅವು ದಾರಿಯ ಕಡೆಗೆ ತಲೆವಾಗಿದ್ದುದನ್ನು ಕಂಡು ನಾನು ಹುಬ್ಬು ಗಂಟಿಕ್ಕಲು, ಚಾಲಕನು ನಿಶ್ಚಿಂತೆಯಿಂದ, “ಮಣ್ಣು ಕೂತ್ಕಂಡ್ರೆ ಸರಿಹೋಗ್ತದೆ ಬುಡಿ ಸ್ವಾಮಿ” ಎಂದು ಹೊರಟುಹೋದನು. ಮಣ್ಣು ಕೂತ ಮೇಲೆ ಓರೆಕಂಬ ನೆಟ್ಟಗಾದ ನಿದರ್ಶನವನ್ನು ನಾನು ಈವರೆಗೆ ಕಂಡಿಲ್ಲ. ಕಂಬವಿಳಿಸದೆ ಉಳಿದಿದ್ದ ಗುಂಡಿಗಳ ಬಾಯಿಯ ನಡುವಿನಿಂದ ಗಾರೆಯವರ ತೂಗುಗುಂಡನ್ನು ಇಳಿಬಿಟ್ಟು ನೋಡಿದೆ. ಎರಡೂವರೆ ಅಡಿ ಇಳಿಯುವಷ್ಟರಲ್ಲಿ ಗುಂಡು ಗೋಡೆಗೆ ತಾಗಿತು. ಮುಂದಿನ ಗುಂಡಿಯಲ್ಲಿಯೂ ತಾಗಿತು, ಅದರ ಮುಂದಿನದರಲ್ಲಿಯೂ. ಪ್ರತಿಯೊಂದರಲ್ಲಿಯೂ ತಾಗಿದ್ದು ದಾರಿಯ ಮಗ್ಗುಲಿನ ಗೋಡೆಗೇ. ಕಲ್ಲಿಗೆ ತಗುಲಿ ಮೊನೆ ಜಾರಿದ್ದರೆ ಒಂದು ಗುಂಡಿ ಅತ್ತ, ಒಂದು ಇತ್ತ ವಾಲಬೇಕಾಗಿತ್ತು. ಎಲ್ಲವೂ ಒಂದೇ ಕಡೆಗೆ ವಾಲಿದ್ದವೆಂದ ಮೇಲೆ ಅದು ಆ ತೋಳಿನ ಹಸ್ತಾಕ್ಷರವೇ ಸರಿ.

ಇನ್ನೊಂದು ಸಂಗತಿಯನ್ನು ಸೂಕ್ಷ್ಮವಾಗಿ ಗಮನಿಸಬೇಕು. ನನ್ನ ಕಂಬಗಳು 5 ಅಂಗುಲಕ್ಕೆ 6 ಅಂಗುಲದ ಕಲ್ಲುಗಳು. ಮೂಲೆಯಿಂದ ಮೂಲೆಗೆ ಅಳೆದರೆ 8 ಅಂಗುಲಕ್ಕೆ ತುಸು ಕಡಮೆ. ಬೈರಿಗೆ 9 ಅಂಗುಲದ್ದು. ಅಂದರೆ ಕಂಬದ ಮೂಲೆಗೂ ಗುಂಡಿಯ ಗೋಡೆಗೂ ನಡುವೆ ಇದ್ದ ತೆರಪು ಬೆರಳಗಲವೂ ಅಲ್ಲ. ಇಂಥ ಬಿಗಿಯಾದ ಗುಂಡಿಯಲ್ಲಿ ಕಂಬವು ನೂಲಿನ ಮಾತನ್ನು ಕೇಳುವಂತಿಲ್ಲ, ಗುಂಡಿಯ ಮಾತನ್ನೇ ಕೇಳಬೇಕು. ಯಂತ್ರದ ಸ್ತುತಿಪಾಠಕರು ಮಣ್ಣು ಉಳಿತಾಯವಾಯಿತೆಂದು ಯಾವ ಬಿಗಿಯನ್ನು ಕೊಂಡಾಡುತ್ತಾರೆಯೋ ಆ ಬಿಗಿಯೇ ಓರೆಯನ್ನು ತಿದ್ದಲು ಇದ್ದ ಏಕೈಕ ಅವಕಾಶವನ್ನು ಅಪಹರಿಸುತ್ತದೆ.

ಇಲ್ಲಿ ಎರಡು ಪಕ್ಷದ ವಿಮರ್ಶಕರೊಡನೆ ವಾದಕ್ಕೆ ನಿಲ್ಲಬೇಕಾಗಿದೆ. ಮೊದಲನೆಯವರು ಬಿಗಿತವಾದಿಗಳು. ಬೈರಿಗೆಯು ಜೋತಾಡುವುದರಿಂದಲೇ ಓರೆಯಾಗುತ್ತದೆ, ಆದ್ದರಿಂದ ಅದನ್ನು ತೋಳಿಗೆ ಅಲುಗದಂತೆ ಸರಪಳಿಯಿಂದಲೋ ಪಟ್ಟಿಯಿಂದಲೋ ಬಿಗಿಯಬೇಕೆಂಬುದು ಇವರ ಮತ. ಕೇಳುವುದಕ್ಕೆ ಯುಕ್ತವೆಂದು ತೋರುವ ಈ ಮಾತು ಲೆಕ್ಕ ಹಾಕಿದೊಡನೆ ಕುಸಿಯುತ್ತದೆ: ಮೇಲೆ ಹೇಳಿದ 7 ಅಡಿಯ ತೋಳು, ಅತ್ಯಂತ ಅನುಕೂಲವಾದ ಸ್ಥಿತಿಯಲ್ಲಿ ಕೂಡ, 3 ಅಡಿ ಇಳಿಯುವಾಗ ತಾನೇ ಸುಮಾರು 25 ಡಿಗ್ರಿ ತಿರುಗುತ್ತದೆ, ಅದಕ್ಕೆ ಬಿಗಿದ ಬೈರಿಗೆಯೂ ಅಷ್ಟೇ ತಿರುಗಬೇಕು. ಈ ಇಡೀ ರಚನೆಯಲ್ಲಿ ಮೆಚ್ಚತಕ್ಕ ಗುಣವೊಂದಿದ್ದರೆ ಅದು ಬೈರಿಗೆಯು ತನ್ನ ಭಾರದಿಂದ ತಾನೇ ಲಂಬವನ್ನು ಹುಡುಕಿಕೊಳ್ಳುವಂತೆ ಕೀಲಿನಿಂದ ಜೋತುಬಿದ್ದಿರುವುದು. ಬಿಗಿತವಾದಿಗಳು ಆ ಗುಣವನ್ನೇ ದೋಷವೆಂದು ಎಣಿಸಿ, ರೋಗಿಯ ಉಸಿರನ್ನು ಕಟ್ಟಿ ಕೆಮ್ಮನ್ನು ನಿಲ್ಲಿಸಹೊರಟಿದ್ದಾರೆ. ಇವರಲ್ಲಿಯೇ ಕೆಲವರು ಗಟ್ಟಿನೆಲದಲ್ಲಿ ಬೈರಿಗೆ ಇಳಿಯದಿದ್ದಾಗ ತೋಳಿನ ಮೇಲೆ ಆಳನ್ನು ನಿಲ್ಲಿಸುತ್ತಾರೆ. ಈ ಜೋಡಣೆಯ ಹೈಡ್ರಾಲಿಕ್ ಶಕ್ತಿ ಮೇಲಕ್ಕೆತ್ತಬಲ್ಲುದೇ ಹೊರತು ಕೆಳಕ್ಕೊತ್ತಲಾರದೆಂಬುದು ದಿಟ. ಆದರೆ ತಿರುಗುವ ದಂಡದ ಪಕ್ಕದಲ್ಲಿ ಪಂಚೆ ಉಟ್ಟ ಮನುಷ್ಯನನ್ನು ತೂಕದ ಕಲ್ಲಾಗಿ ಬಳಸುವುದನ್ನು ವಿಮರ್ಶೆಯ ಭಾಷೆಯಲ್ಲಿ ಖಂಡಿಸಿದರೆ ಸಾಲದು.

ಎರಡನೆಯವರು ಹಾರೆಯ ಭಕ್ತರು. ತಾತಂದಿರು ಕೈಯಿಂದ ತೋಡಿದ ಗುಂಡಿಗಳು ನೆಟ್ಟಗಿದ್ದುವು, ಆದ್ದರಿಂದಲೇ ಆ ಬೇಲಿಗಳು ಇಂದಿಗೂ ನೆಟ್ಟಗಿವೆ ಎಂದು ಇವರು ನಿಟ್ಟುಸಿರು ಬಿಡುತ್ತಾರೆ. ಬೇಲಿಗಳು ನೆಟ್ಟಗಿರುವುದೇನೋ ನಿಜ. ಗುಂಡಿಗಳು ಎಂದೂ ನೆಟ್ಟಗಿರಲಿಲ್ಲ. ಹಾರೆಯಿಂದ ತೋಡಿದ ಗುಂಡಿಗೆ ಬಾಯಿ ಅಗಲ, ತಳ ಕಿರಿದು; ಕೈ ಹೋದಷ್ಟೇ ಆಳ, ಕಲ್ಲು ಅಡ್ಡ ಬಂದ ಕಡೆ ಸೊಟ್ಟ. ಆ ಸೊಟ್ಟಗುಂಡಿಯಲ್ಲಿ ಕಂಬವನ್ನು ನಿಲ್ಲಿಸಿ, ಈ ತುದಿಯಿಂದ ಆ ತುದಿಗೆ ನೂಲು ಹಿಡಿದು, ತೂಗುಗುಂಡು ಬಿಟ್ಟು, ಗೇಣು ಗೇಣಿಗೆ ಗರಸು ತುಂಬಿ ಹಾರೆಯ ಬುಡದಿಂದ ದಮ್ಮಸು ಮಾಡಿದವನ ಶ್ರದ್ಧೆ ಬೇಲಿಯನ್ನು ನೆಟ್ಟಗೆ ನಿಲ್ಲಿಸಿತು. ಯಂತ್ರದ ಸ್ತುತಿಪಾಠಕರೂ ಹಾರೆಯ ಭಕ್ತರೂ ಪರಸ್ಪರ ವೈರಿಗಳಂತೆ ಕಂಡರೂ ಇಬ್ಬರದೂ ಒಂದೇ ಭ್ರಾಂತಿ: ಕಂಬದಲ್ಲಿರಬೇಕಾದ ನೇರವನ್ನು ಗುಂಡಿಯಲ್ಲಿ ಹುಡುಕುವುದು.

ಯಂತ್ರವನ್ನು ಹೊರಗಟ್ಟಬೇಕೆಂದು ನಾನು ಹೇಳುವವನಲ್ಲ. ಮರುವರ್ಷ ಉತ್ತರದ ಗಡಿಗೆ ಅದೇ ಯಂತ್ರವನ್ನೂ ಅದೇ ಚಾಲಕನನ್ನೂ ಕರೆಸಿದೆನು. ಆದರೆ ಬೈರಿಗೆ 12 ಅಂಗುಲದ್ದು, ಕೂಲಿ ಗುಂಡಿಗಿಷ್ಟೆಂದಲ್ಲ, ದಿನಕ್ಕಿಷ್ಟೆಂದು. ಆ ದಿನ ಅವನು ತೋಡಿದ್ದು 40 ಗುಂಡಿ. ಒಂದೊಂದು ಅಡಿ ಇಳಿದ ಮೇಲೂ ಇಳಿತವನ್ನು ತಡೆದು, ಸೀಟಿನಿಂದ ಕೆಳಗಿಳಿದು, ನಾಲ್ಕು ಹೆಜ್ಜೆ ದೂರ ನಿಂತು ಒಂದು ಕಣ್ಣು ಮುಚ್ಚಿ ಬೈರಿಗೆಯನ್ನು ನೋಡಿ, ಮತ್ತೆ ಹತ್ತಿ, ಕ್ಲಚ್ಚಿನ ಮೇಲೆ ಕಾಲನ್ನು ಮೆಲ್ಲಗೆ ಸಡಿಲಿಸಿ ಟ್ರ್ಯಾಕ್ಟರನ್ನು ಎರಡು ಬೆರಳಷ್ಟು ಹಿಂದಕ್ಕೆ ಜಾರಿಸುತ್ತಿದ್ದನು. ತೋಳು ಮುಂದಕ್ಕೆ ಕದ್ದುದನ್ನು ಆ ಎರಡು ಬೆರಳು ಹಿಂದಕ್ಕೆ ಕೊಡುತ್ತಿತ್ತು. ನಾನು ಲೆಕ್ಕ ಹಾಕಿ ಕಂಡುಕೊಂಡ ಕಮಾನನ್ನು ಅವನ ಕಾಲು ಮೊದಲಿನಿಂದಲೂ ಬಲ್ಲುದಾಗಿತ್ತು. ಹಾಗಾದರೆ ಹಿಂದಿನ ವರ್ಷ ಹೀಗೇಕೆ ಮಾಡಲಿಲ್ಲವೆಂದು ಕೇಳಿದೆ. ಅವನು ಬೈರಿಗೆಗೆ ಮೆತ್ತಿದ ಮಣ್ಣನ್ನು ಕೋಲಿನಿಂದ ಕೆರೆಯುತ್ತ, ತಲೆಯೆತ್ತದೆ ಹೇಳಿದನು: “ಗುಂಡಿಗಿಷ್ಟು ಅಂದಿದ್ರಲ್ಲ ಸ್ವಾಮಿ. ಕೆಳಗಿಳಿಯಕ್ಕೆ ಹೊತ್ತೆಲ್ಲಿತ್ತು?”