'ಸಾಧು ಕ್ಯಾನ್ಸರ್': ಹೋಲಿಕೆ ಸರಿಯೇ?

ಯಕೃತ್ತಿನ ಕ್ಯಾನ್ಸರ್ ಎಂದೊಡನೆ ನಿಮಗೆ ಮದ್ಯಪಾನ, ಹೆಪಟೈಟಿಸ್ ಸೋಂಕು, ಇವುಗಳಿಂದ ಯಕೃತ್ತು ಗಡುಸಾಗುವ ಸಿರೋಸಿಸ್ ನೆನಪಾಗಬಹುದು. ಇವಾವುವೂ ಇಲ್ಲದ ಹದಿಹರೆಯದವರಲ್ಲಿ ಹಾಗೂ ಯುವಜನರಲ್ಲಿ ಹೆಚ್ಚಾಗಿ ಕಾಣಿಸುವ ಅಪರೂಪದ ಬಗೆಯೊಂದಿದೆ. ಅದೇ ಫೈಬ್ರೊಲ್ಯಾಮೆಲ್ಲರ್ ಕಾರ್ಸಿನೋಮ. ಅಮೆರಿಕದ ರೋಗಶಾಸ್ತ್ರಜ್ಞ ಹ್ಯೂ ಎಡ್ಮಂಡ್‌ಸನ್ 1956ರಲ್ಲಿ ಇದನ್ನು 14 ವರ್ಷದ ಬಾಲಕಿಯಲ್ಲಿ ಗುರುತಿಸಿ ವಿವರಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದೊಡ್ಡ ಕೋಶಗಳ ಗುಂಪುಗಳ ನಡುವೆ ನಾರಿನ ಪದರಗಳು ಕಾಣುವುದರಿಂದ ಈ ಹೆಸರು ಬಂದಿದೆ.

ಇದು ಇತರ ಯಕೃತ್ ಕ್ಯಾನ್ಸರ್‌ಗಳಿಗಿಂತ ಸಾಧು, ಶಸ್ತ್ರಕ್ರಿಯೆಯ ಫಲಿತಾಂಶವೂ ಉತ್ತಮ ಎಂಬ ಮಾತು ವೈದ್ಯಕೀಯ ಬರಹಗಳಲ್ಲಿ ಬಹುಕಾಲ ನಡೆದುಬಂದಿತು. ಈ ಮಾತನ್ನು ಒಪ್ಪುವ ಮುನ್ನ, ಯಾರನ್ನು ಯಾರೊಡನೆ ಹೋಲಿಸಲಾಗಿದೆ ಎಂದು ನೋಡಬೇಕು. ಒಂದು ಗುಂಪಿನವರು ಕಿರಿಯರು, ಅವರ ಉಳಿದ ಯಕೃತ್ತು ಆರೋಗ್ಯವಾಗಿರುತ್ತದೆ. ಇನ್ನೊಂದು ಗುಂಪಿನ ಬಹುಪಾಲು ಜನ ಹಿರಿಯರು, ಸಿರೋಸಿಸ್ ರೋಗಿಗಳು. ಜ್ವರದಿಂದ ಬಳಲುವ ತಂಡವನ್ನು ಓಟದಲ್ಲಿ ಸೋಲಿಸಿದವರ ತರಬೇತಿಯನ್ನು ಹೊಗಳಿದಂತಾಯಿತು! 2005ರಲ್ಲಿ ಸಂಜಯ್ ಕಾಕರ್ ಮತ್ತು ಸಂಗಡಿಗರು ಸಿರೋಸಿಸ್ ಇಲ್ಲದ ಸಾಮಾನ್ಯ ಯಕೃತ್ ಕ್ಯಾನ್ಸರ್ ರೋಗಿಗಳೊಡನೆ ಹೋಲಿಸಿದಾಗ, ಹೇಳಿಕೊಳ್ಳುವಂಥ ಮೇಲುಗೈ ಕಂಡುಬರಲಿಲ್ಲ. ಗಂತಿಯ 'ಸಾಧುತನ' ಎಂದುಕೊಂಡಿದ್ದುದು ಬಹುಮಟ್ಟಿಗೆ ಆರೋಗ್ಯವಂತ ಯಕೃತ್ತಿನ ಕೊಡುಗೆ.

ಇನ್ನೊಂದು ಅಂಶ. ಗಂತಿಯನ್ನು ಪೂರ್ತಿ ತೆಗೆಯಲು ಸಾಧ್ಯವಾದವರ ಲೆಕ್ಕವನ್ನಷ್ಟೇ ಹೇಳಿದರೆ, ಶಸ್ತ್ರಕ್ರಿಯೆಗೆ ಒಳಗಾಗಲಾರದಷ್ಟು ರೋಗ ಹರಡಿದವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಈ ಕ್ಯಾನ್ಸರ್ ದುಗ್ಧಗ್ರಂಥಿಗಳಿಗೆ ಹರಡುವುದು ಸಾಮಾನ್ಯ. ಶಸ್ತ್ರಕ್ರಿಯೆಯ ನಂತರ ಮರುಕಳಿಸುವುದೂ ಅಪರೂಪವಲ್ಲ. 'ಸಾಧು' ಎಂದು ನಂಬಿ ನಿಗಾ ಸಡಿಲಿಸಿದರೆ ನಷ್ಟ ರೋಗಿಗೆ.

ಚಿತ್ರಣದಲ್ಲೂ ಇಂಥದೇ ಎಚ್ಚರ ಬೇಕು. ಸಿ.ಟಿ. ಚಿತ್ರದಲ್ಲಿ ದೊಡ್ಡ ಗಂತಿ, ಅದರ ನಡುವೆ ನಾರಿನ ಕಲೆ, ಅನೇಕ ವೇಳೆ ಕ್ಯಾಲ್ಸಿಯಂ ಕಾಣುತ್ತವೆ. ಆದರೆ ಫೋಕಲ್ ನೋಡ್ಯುಲರ್ ಹೈಪರ್‌ಪ್ಲೇಸಿಯ ಎಂಬ ನಿರಪಾಯಕಾರಿ ಗಡ್ಡೆಯಲ್ಲೂ ನಡುವೆ ಕಲೆ ಇರುತ್ತದೆ. ಎಂ.ಆರ್.ಐ.ನ ಟಿ2 ಚಿತ್ರದಲ್ಲಿ ನಿರಪಾಯ ಗಡ್ಡೆಯ ಕಲೆ ಸಾಮಾನ್ಯವಾಗಿ ಬೆಳ್ಳಗೆ, ಕ್ಯಾನ್ಸರಿನದು ಸಾಮಾನ್ಯವಾಗಿ ಕಪ್ಪಗೆ ಕಾಣುತ್ತದೆ. 'ಸಾಮಾನ್ಯವಾಗಿ' ಎಂಬ ಪದವನ್ನು ಗಮನಿಸಿ: ಅದು 'ಯಾವಾಗಲೂ' ಅಲ್ಲ. ರಕ್ತದಲ್ಲಿನ ಆಲ್ಫಾ ಫೀಟೋಪ್ರೋಟೀನ್ ಕೂಡ ಈ ರೋಗಿಗಳಲ್ಲಿ ಹೆಚ್ಚಾಗಿ ಸಹಜ ಮಟ್ಟದಲ್ಲೇ ಇರುವುದರಿಂದ, ಆ ಪರೀಕ್ಷೆಯೊಂದನ್ನೇ ನಂಬಿ ನಿಶ್ಚಿಂತರಾಗುವಂತಿಲ್ಲ.

ಹೊರನೋಟದ ಹೋಲಿಕೆಗಿಂತ ಗಟ್ಟಿಯಾದ ಗುರುತು ದೊರೆತದ್ದು 2014ರಲ್ಲಿ. ಪರೀಕ್ಷಿಸಿದ 15 ಗಂತಿಗಳಲ್ಲಿ 15ರಲ್ಲೂ ಡಿಎನ್‌ಎಜೆಬಿ1 ಮತ್ತು ಪಿಆರ್‌ಕೆಎಸಿಎ ಎಂಬ ಎರಡು ಜೀನುಗಳು ಬೆಸೆದುಕೊಂಡಿದ್ದವು. 19ನೇ ವರ್ಣತಂತುವಿನ ತುಣುಕೊಂದು ಕಳಚಿಹೋದುದೇ ಈ ಬೆಸುಗೆಗೆ ಕಾರಣ.

ಅಧ್ಯಾಪಕರು ಈ ಉದಾಹರಣೆಯನ್ನು ತರಗತಿಯಲ್ಲಿ ಬಳಸಬಹುದು. ಯಾವುದೇ ಚಿಕಿತ್ಸೆಯ ಯಶಸ್ಸಿನ ಅಂಕಿ ಕಂಡಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳಲಿ: ಹೋಲಿಸಿದ್ದು ಯಾರೊಡನೆ? ಲೆಕ್ಕದಿಂದ ಹೊರಗುಳಿದವರು ಯಾರು? ಎಷ್ಟು ಕಾಲ ಗಮನಿಸಲಾಯಿತು?