ಸಿಂಹದ ಮರಿಯೂ ಸೇವೆಯ ಶುಲ್ಕವೂ

ಪರಿಚಿತರೊಬ್ಬರ ಮಗಳು ಸಿಂಹಸಂರಕ್ಷಣೆಯ ಸೇವೆಗೆಂದು, ತಾನೇ ಶುಲ್ಕ ತೆತ್ತು, ದಕ್ಷಿಣ ಆಫ್ರಿಕಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಳು. ತಂದೆ ನನ್ನ ಅಭಿಪ್ರಾಯ ಕೇಳಿದರು. ಆ ನಿಮಿತ್ತವಾಗಿ ‘ಬ್ಲಡ್ ಲಯನ್ಸ್’ ಎಂಬ 2015ರ ಸಾಕ್ಷ್ಯಚಿತ್ರವನ್ನು ತಡವಾಗಿಯಾದರೂ ನೋಡಿದೆ.

ಬ್ರೂಸ್ ಯಂಗ್ ಮತ್ತು ನಿಕ್ ಶೆವಲಿಯರ್ ನಿರ್ದೇಶಿಸಿದ ಈ ಚಿತ್ರದಲ್ಲಿ ಪತ್ರಕರ್ತ ಇಯನ್ ಮಿಚ್ಲರ್ ಅವರು ಸಿಂಹಗಳನ್ನು ಕೂಡಿಹಾಕಿ ಸಾಕುವ ಉದ್ಯಮದ ಬೆನ್ನು ಹತ್ತುತ್ತಾರೆ. ಅಲ್ಲಿ ನಡೆಯುವುದು ಹೀಗೆ: ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಯನ್ನು ತಾಯಿಯಿಂದ ಅಗಲಿಸುತ್ತಾರೆ. ಮರಿಯಗಲಿದ ಸಿಂಹಿಣಿ ಬೇಗನೆ ಬೆದೆಗೆ ಬರುತ್ತದೆ. ಕಾಡಿನಲ್ಲಿ ಸುಮಾರು ಎರಡು ವರ್ಷಕ್ಕೊಮ್ಮೆ ಈಯುವ ಪ್ರಾಣಿ ಇಲ್ಲಿ ಮರಿ ಹೆರುವ ಯಂತ್ರವಾಗುತ್ತದೆ. ಮರಿಗೆ ‘ಅನಾಥ’ ಎಂಬ ಬಿರುದು. ಸೀಸೆಹಾಲು ಕುಡಿಸಲು ಸ್ವಯಂಸೇವಕರಿಂದ ಹಣ, ಮುದ್ದಿಸಲು ಪ್ರವಾಸಿಗರಿಂದ ಹಣ, ತುಸು ಬೆಳೆದ ಮೇಲೆ ಜೊತೆಯಲ್ಲಿ ನಡೆಯಲು ಮತ್ತೆ ಹಣ. ಕೊನೆಗೆ ಬೇಲಿಯೊಳಗೇ ಗುಂಡಿಕ್ಕುವ ಬೇಟೆಗಾರನಿಂದ ದೊಡ್ಡ ಮೊತ್ತ. ಉಳಿದ ಎಲುಬು ಏಷ್ಯದ ಮಾರುಕಟ್ಟೆಗೆ. 2017ರಲ್ಲಿ 800 ಅಸ್ಥಿಪಂಜರಗಳ ರಫ್ತಿಗೆ ಅಲ್ಲಿನ ಸರಕಾರವೇ ಅನುಮತಿ ನಿಗದಿಪಡಿಸಿತ್ತು. ನಲವತ್ತು ವರ್ಷ ವ್ಯಾಪಾರ ಮಾಡಿದವನು ನಾನು. ಒಂದೇ ಸರಕನ್ನು ಐದು ಬಾರಿ ಮಾರಿದ ಲೆಕ್ಕವನ್ನು ಬೇರೆಲ್ಲಿಯೂ ಕಂಡಿಲ್ಲ.

ಹೀಗೆ ಮನುಷ್ಯನ ಕೈಯಲ್ಲಿ ಬೆಳೆದ ಸಿಂಹವನ್ನು ಕಾಡಿಗೆ ಬಿಡಲಾಗದು. ಆದ್ದರಿಂದ ‘ಸಂರಕ್ಷಣೆ’ ಎಂಬ ಮಾತೇ ಅಲ್ಲಿ ಸುಳ್ಳು.

ಚಿತ್ರದ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಅದನ್ನು ನೋಡಿ ಏಳುವಾಗ ನಮ್ಮ ಕೋಪವೆಲ್ಲ ಬಂದೂಕು ಹಿಡಿದವನ ಮೇಲೆಯೇ ಉಳಿಯುತ್ತದೆ. ಸೀಸೆ ಹಿಡಿದವರು ಮೋಸಹೋದವರೆಂಬ ಅನುಕಂಪ ಪಡೆದು ಪಾರಾಗುತ್ತಾರೆ. ಇದು ನನಗೆ ಸಮ್ಮತವಲ್ಲ. ಕೃತ, ಕಾರಿತ, ಅನುಮೋದಿತವೆಂದು ಹಿಂಸೆಯನ್ನು ಅಳೆಯುವ ನಮಗೆ ಇಷ್ಟು ಸುಲಭದ ಬಿಡುಗಡೆ ಸಲ್ಲದು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಹೇಳುವುದೇ ಬಂಧವನ್ನು, ವಧೆಯನ್ನಲ್ಲ. ಬೇಟೆಗಾರ ಬರುವುದಕ್ಕೆ ವರ್ಷಗಳ ಮೊದಲೇ ಬೇಲಿಯ ಖರ್ಚನ್ನು ಭರಿಸಿದವರು ಈ ದಯಾಳುಗಳು.

ಹಾಗೆಂದು ವಿದೇಶದ ಸೇವೆಯೆಲ್ಲ ಹುಸಿಯಲ್ಲ. ನಮೀಬಿಯದಲ್ಲಿ ಲಾರೀ ಮಾರ್ಕರ್ ಅವರು 1990ರಲ್ಲಿ ಸ್ಥಾಪಿಸಿದ ಚೀತಾ ಸಂರಕ್ಷಣಾ ನಿಧಿಯು 1994ರಿಂದ ರೈತರಿಗೆ ಕಾವಲುನಾಯಿಗಳನ್ನು ಕೊಡುತ್ತಿದೆ. ನಾಯಿ ಮಂದೆಯೊಡನೆಯೇ ಬೆಳೆದು, ಬೊಗಳಿ ಚೀತಾವನ್ನು ಅಟ್ಟುತ್ತದೆ. ಆಡೂ ಉಳಿಯಿತು, ರೈತನ ಕೋವಿಯೂ ಮೂಲೆ ಸೇರಿತು. ಮರಿಯನ್ನು ಅಪ್ಪಿದ ಫೋಟೋಕ್ಕಿಂತ ನಾಯಿಮನೆ ಗುಡಿಸುವ ಕೆಲಸ ಇಲ್ಲಿ ಹೆಚ್ಚು ಉಪಯುಕ್ತ.

ಸಿಂಹಗಳ ಈ ಉದ್ಯಮವನ್ನು ಮುಚ್ಚುವುದಾಗಿ ದಕ್ಷಿಣ ಆಫ್ರಿಕದ ಸರಕಾರ 2021ರಲ್ಲಿ ಘೋಷಿಸಿತು. ಆ ಹುಡುಗಿಗೆ ನಾನು ಹೋಗಬೇಡವೆನ್ನಲಿಲ್ಲ. ಮರಿಯ ತಾಯಿ ಎಲ್ಲಿದೆ, ಹೋದ ವರ್ಷದ ಮರಿಗಳು ಎಲ್ಲಿಗೆ ಹೋದವು ಎಂದು ಆ ಕೇಂದ್ರಕ್ಕೆ ಬರೆದು ಕೇಳೆಂದೆ. ಕೇಳಿದ್ದಾಳೆ. ಶುಲ್ಕದ ಕಂತನ್ನು ನೆನಪಿಸುವ ಪತ್ರವೊಂದು ಬಂದಿದೆ.