ರಿಮೋಟಿನಲ್ಲಿಲ್ಲದ ಗುಂಡಿ

ಹೊಸ ಮನೆಗೆ ಹೋಗುವವರು ಟಿವಿ 43 ಇಂಚು ಸಾಕಾ, 55 ಬೇಕಾ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ತಾರೆ. ಗೋಡೆಗೆ ಯಾವ ಪ್ಯಾನೆಲ್, ಹಿಂದೆ ಯಾವ ಲೈಟು, ಎಲ್ಲಾ ಚರ್ಚೆ ಆಗುತ್ತೆ. ಅದರೊಳಗೆ ಚಿತ್ರ ಎಲ್ಲಿಂದ ಬರಬೇಕು ಅನ್ನೋ ಪ್ರಶ್ನೆಗೆ ಮಾತ್ರ ಅರ್ಧ ನಿಮಿಷ: ‘ವೈಫೈ ಇದೆಯಲ್ಲ, ಸಾಕು.’

ಸಾಕಾಗಲ್ಲ ಅನ್ನೋದು ನನ್ನ ವಾದ. ಅದಕ್ಕೆ ಕಾರಣ ದುಡ್ಡಲ್ಲ, ಕಾರ್ಯಕ್ರಮ.

ಕನ್ನಡ ಧಾರಾವಾಹಿ ಅಂದ್ರೆ ನಮ್ಮ ವಯಸ್ಸಿನವರಿಗೆ ನಗು. ಬಾಗಿಲು ತೆಗೆಯೋಕೆ ಎರಡು ನಿಮಿಷ, ಒಂದೇ ಮುಖವನ್ನು ಮೂರು ಸಲ ತೋರಿಸೋದು, ಪ್ರತಿ ಸಲವೂ ಢಂ ಅನ್ನೋ ಸಂಗೀತ. ಫೋನಿನಲ್ಲಿ, ಇಯರ್‌ಫೋನ್ ಹಾಕ್ಕೊಂಡು, ಮೆಟ್ರೋದಲ್ಲಿ ಕೂತು ನೋಡಿದ್ರೆ ಅದು ನಗುವಂಥದ್ದೇ. ಆದ್ರೆ ಅದೇ ಕಂತನ್ನು ಸಂಜೆ ಏಳೂವರೆಗೆ ಹಾಲ್‌ನಲ್ಲಿ, ಮನೆಯವರ ಮಧ್ಯೆ ನೋಡಿ. ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ ಇರ್ತಾರೆ. ಅವರು ಧಾರಾವಾಹಿ ನೋಡ್ತಾ ಇಲ್ಲ, ಕೇಳಿಸ್ಕೊಳ್ತಾ ಇದ್ದಾರೆ. ಢಂ ಅಂದಾಗ ಚಾಕು ಕೈಯಲ್ಲೇ ಇಟ್ಕೊಂಡು ಬಾಗಿಲಿಗೆ ಬಂದು ‘ಯಾರೋ ಬಂದ್ರು?’ ಅಂತಾರೆ. ಮೂರನೇ ಸಲದ ಮುಖ ಇರೋದು ಅವರಿಗೋಸ್ಕರ. ಪಾತ್ರಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯೋದು, ನಿನ್ನೆ ನಡೆದದ್ದನ್ನು ಇವತ್ತು ಇನ್ನೊಬ್ಬರಿಗೆ ಪೂರ್ತಿ ಹೇಳೋದು, ಇವೆಲ್ಲ ಬೆನ್ನು ತಿರುಗಿಸಿ ಕೆಲಸ ಮಾಡ್ತಿರೋ ಪ್ರೇಕ್ಷಕರಿಗಾಗಿ ಆದ ಬರವಣಿಗೆ. ಕೆಟ್ಟದ್ದು ಬೇಕಾದಷ್ಟಿದೆ, ಒಪ್ಪೋಣ. ಸೊಸೆಯನ್ನು ಅಳಿಸೋಕೆ ಅಂತಲೇ ಕಥೆ ಎಳೆಯೋದನ್ನು ಯಾವ ಅಡುಗೆಮನೆಯೂ ಸಮರ್ಥಿಸಲ್ಲ. ಆದ್ರೆ ನಿಧಾನವನ್ನೂ ಪುನರಾವರ್ತನೆಯನ್ನೂ ದೋಷ ಅಂತ ಬರೆಯೋ ವಿಮರ್ಶಕರು ಜಾಹೀರಾತು ಹಾರಿಸಿ, 1.5 ವೇಗದಲ್ಲಿ ನೋಡಿ ಬರೆದಿರ್ತಾರೆ. ಕೆಲವು ಆ್ಯಪ್‌ಗಳಂತೂ ದುಡ್ಡು ಕೊಟ್ಟೋರಿಗೆ ಕಂತನ್ನು ಟಿವಿಗಿಂತ ಮೊದಲೇ ಕೊಡ್ತವೆ. ಆಗ ‘ನಾಳೆ ಏನಾಗುತ್ತೋ’ ಅಂತ ಪಕ್ಕದ ಮನೆಯವರ ಜೊತೆ ಕಾಯೋ ಸುಖವೂ ಹೋಯ್ತು. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ಜನ ಇವತ್ತಿಗೂ ನೆನೆಯೋದರಲ್ಲಿ ಕಥೆಗೆ ಎಷ್ಟು ಪಾಲಿದೆಯೋ, ಎಲ್ಲರೂ ಒಂದೇ ಹೊತ್ತಿಗೆ ನೋಡಿದ್ದಕ್ಕೂ ಅಷ್ಟೇ ಪಾಲಿದೆ.

ಈಗ ಸ್ಮಾರ್ಟ್ ಟಿವಿಯ ಮೊದಲ ಪರದೆಯನ್ನು ಒಂದು ಕೃತಿ ಅಂತಲೇ ಓದೋಣ. ರಿಮೋಟಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಒಂದು ಗುಂಡಿ, ಪ್ರೈಮ್‌ಗೆ ಒಂದು. ಪರದೆ ತುಂಬ ಪೋಸ್ಟರುಗಳು. ಕನ್ನಡ ಬೇಕಂದ್ರೆ ಹುಡುಕಬೇಕು, ಇಲ್ಲಾ ‘ಪ್ರಾದೇಶಿಕ’ ಅನ್ನೋ ಸಾಲಿಗೆ ಇಳಿಯಬೇಕು. ಬೆಂಗಳೂರಿನಲ್ಲಿ ಕೂತು ಕನ್ನಡ ಪ್ರಾದೇಶಿಕ! ಸೆಟ್‌ಟಾಪ್ ಬಾಕ್ಸಿನ ಪಟ್ಟಿಯಲ್ಲಿ ಹಾಗಿಲ್ಲ. ಅಲ್ಲಿ ಕನ್ನಡ ಚಾನೆಲ್ಲುಗಳದ್ದೇ ಒಂದು ಬೀದಿ. ಒಂದರಿಂದ ಇನ್ನೊಂದಕ್ಕೆ ಹೋಗೋವಾಗ ಕೇಳದೇ ಇದ್ದದ್ದೂ ಸಿಗುತ್ತೆ. ಚಂದನದ ‘ಥಟ್ ಅಂತ ಹೇಳಿ’ ಇಂಥದ್ದು. 2002ರಲ್ಲಿ ಶುರುವಾದ, ನಾ. ಸೋಮೇಶ್ವರ ಅವರು ನಡೆಸಿಕೊಟ್ಟ ಆ ಕ್ವಿಜ್‌ನಲ್ಲಿ ಬಹುಮಾನ ಪುಸ್ತಕ. ಅದನ್ನು ಯಾರೂ ಹುಡುಕಿಕೊಂಡು ಹೋಗಿ ಶುರು ಮಾಡಲ್ಲ. ಚಾನೆಲ್ ಬದಲಾಯಿಸ್ತಾ ಎದುರಾಗಿ, ಒಂದು ಪ್ರಶ್ನೆಗೆ ನಿಂತು, ಕೊನೇವರೆಗೂ ಕೂತುಬಿಡ್ತೀವಿ. ದೂರದರ್ಶನದ ಗೊತ್ತುಪಡಿಸಿದ ಚಾನೆಲ್ಲುಗಳನ್ನು ಕೊಡಲೇಬೇಕು ಅಂತ 1995ರ ಕೇಬಲ್ ಕಾಯ್ದೆ ಕೇಬಲ್‌ನವರಿಗೆ ಹೇಳುತ್ತೆ. ಟಿವಿಯ ಮೊದಲ ಪರದೆಗೆ ಅಂಥ ಕಟ್ಟಳೆ ಇಲ್ಲ; ಅಲ್ಲಿ ಜಾಗ ವ್ಯಾಪಾರದ್ದು.

ಹಾಗಾದ್ರೆ ಯಾವುದು ಹಾಕಿಸೋದು? ಕೇಬಲ್ ಅಂದ್ರೆ ತಿಂಗಳಿಗೊಮ್ಮೆ ದುಡ್ಡಿಗೆ ಬರೋ, ಮನೆಯವರ ಹೆಸರೆಲ್ಲ ಗೊತ್ತಿರೋ ಹುಡುಗ. ಕೆಟ್ಟರೆ ಫೋನ್ ಮಾಡಿದ್ರೆ ಬರ್ತಾನೆ, ಅಥವಾ ‘ಬಂದೆ ಸಾರ್’ ಅಂತಾನೆ. ಡಿಟಿಎಚ್‌ನಲ್ಲಿ ಚಿತ್ರ ಚೆನ್ನ. ಆದ್ರೆ ಜೋರು ಮಳೆ ಬಂದಾಗ ಸಿಗ್ನಲ್ ಹೋಗುತ್ತೆ, ಆ ತರಂಗಗಳನ್ನು ಮಳೆಹನಿ ಹೀರಿಕೊಳ್ಳುತ್ತೆ. ಚಾನೆಲ್ ಬಿಡಿಯಾಗಿ ಆರಿಸಿಕೊಳ್ಳೋ ಹಕ್ಕು 2019ರಿಂದ ಇದೆ. ಆರಿಸಿಕೊಳ್ಳುವವರು ಕಮ್ಮಿ, ಹಿಂದಿ-ಇಂಗ್ಲಿಷ್ ಬೆರೆಸಿದ ಪ್ಯಾಕೇ ನಮ್ಮ ತಲೆಗೆ ಕಟ್ಟುತ್ತಾರೆ. ಕನ್ನಡದ ಹತ್ತು ಚಾನೆಲ್ ಮಾತ್ರ ಬೇಕು ಅಂತ ಹಟ ಹಿಡಿದು ಹೇಳಿ, ಕೊಡ್ತಾರೆ. ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೇ ಇಲ್ಲ, ಚಂದನ ಬರುತ್ತೆ, ಆದ್ರೆ ಖಾಸಗಿ ಚಾನೆಲ್ಲುಗಳಲ್ಲಿ ಹಿಂದಿಯದ್ದೇ ಹೆಚ್ಚು. ಒಂದು ತಮಾಷೆ ಇದೆ. ಖಾಸಗಿ ಚಾನೆಲ್ಲುಗಳು ಕಾನೂನಿನ ಪ್ರಕಾರ ದೂರದರ್ಶನದ ಜೊತೆ ಹಂಚಿಕೊಳ್ಳಲೇಬೇಕಾದ ಮ್ಯಾಚುಗಳನ್ನು ದೂರದರ್ಶನ ತನ್ನ ಆಂಟೆನಾ ಪ್ರಸಾರ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್, ಡಿಟಿಎಚ್‌ಗೆ ಕೊಡೋ ಹಾಗಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಿಟ್ಟಿ ಡಿಶ್‌ನವರು ನೋಡೋ ಮ್ಯಾಚಿಗೆ ಕಾಸು ಕೊಡೋರು ಮತ್ತೆ ಕಾಸು ಕೊಡಬೇಕು. ಆ್ಯಪ್‌ನಲ್ಲಿ ನೋಡ್ತೀನಿ ಅನ್ನೋರಿಗೆ ಇನ್ನೊಂದು ಶಿಕ್ಷೆ: ಸ್ಟ್ರೀಮಿಂಗ್ ಕೆಲವು ಸೆಕೆಂಡು ಹಿಂದೆ ಇರೋದರಿಂದ, ವಿಕೆಟ್ ಬಿದ್ದದ್ದು ಮೇಲಿನ ಮನೆಯವರ ಕೂಗಿನಿಂದ ಮೊದಲೇ ಗೊತ್ತಾಗುತ್ತೆ.

ನಾನು ಕೇಬಲ್ಲನ್ನೂ ವೈಫೈಯನ್ನೂ ಎರಡೂ ಇಟ್ಕೊಂಡಿದ್ದೀನಿ, ಟಿವಿ ಆನ್ ಮಾಡಿದ್ರೆ ಮೊದಲು ಸೆಟ್‌ಟಾಪ್ ಬಾಕ್ಸ್ ಬರೋ ಹಾಗೆ ಸೆಟ್ಟಿಂಗ್ ಬದಲಾಯಿಸಿದ್ದೀನಿ. ಸಿನಿಮಾ, ವೆಬ್ ಸರಣಿಗೆಲ್ಲ ಆ್ಯಪ್ ಇದೆ, ಅದನ್ನು ಬಿಡಬೇಕಿಲ್ಲ. ಡಿಟಿಎಚ್ ಬೇಕು ಅನ್ನೋರು ಅಡ್ವಾನ್ಸ್ ಕೊಡೋ ಮೊದಲು ಎರಡು ವಿಷಯ ನೋಡ್ಕೊಳ್ಳಿ. ಬಾಲ್ಕನಿಯಿಂದ ದಕ್ಷಿಣ ಅಥವಾ ಆಗ್ನೇಯದ ಆಕಾಶ ಕಾಣುತ್ತಾ? ಬೆಂಗಳೂರಿನಲ್ಲಿ ಡಿಶ್ ಮುಖ ಮಾಡೋದು ಆ ಕಡೆಗೆ. ಉತ್ತರದ ಬಾಲ್ಕನಿ ಮಾತ್ರ ಇದ್ದರೆ ಟೆರೇಸಿಗೆ ಹೋಗಬೇಕು. ಅಸೋಸಿಯೇಷನ್ ಡಿಶ್ ಹಾಕೋಕೆ ಬಿಡುತ್ತಾ? ನಮ್ಮದು ಬಿಡಲ್ಲ, ಕಟ್ಟಡದ ಅಂದ ಕೆಡುತ್ತಂತೆ. ಒಗೆದ ಬಟ್ಟೆಗೆ ಅಭ್ಯಂತರ ಇಲ್ಲ. ಗೋಡೆಗೆ ಇನ್ನೂ ಪ್ಲಾಸ್ಟರ್ ಆಗಿಲ್ಲ ಅಂದ್ರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಟಿವಿ ಜಾಗದಿಂದ ಟೆರೇಸಿನ ತನಕ ಒಂದು ಖಾಲಿ ಪೈಪ್ ಬಿಡಿಸಿ. ಇಂಟರ್ನೆಟ್ ವೈರ್ ಹಾಕೋ ಪೈಪಿನಲ್ಲೇ ಇದೂ ಹೋಗುತ್ತೆ ಅಂತಾನೆ. ಬೇಡ, ಬೇರೆಯೇ ಹಾಕಿಸಿ.